ಮನೆಯಿಲ್ಲದ ಹೊಸ್ತಿಲುಗಳು

ಮಾನ್ವಿಯ ದುರುಗಮ್ಮನಿಗೂ ಅವಳ ನೆಗೆಣ್ಣಿ ಕನಕಮ್ಮನಿಗೂ ದಿನಕ್ಕೊಂದು ಜಗಳ ಆಗದಿದ್ದರೆ ತಿಂದ ರೊಟ್ಟಿ ಕರಗುತ್ತಿರಲಿಲ್ಲ. ಇಬ್ಬರ ಗಂಡಂದಿರೂ ಮಣ್ಣಾಗಿ ವರ್ಷಗಳೇ ಕಳೆದಿದ್ದವು. ಆ ಅಣ್ಣತಮ್ಮಂದಿರು ಕಲ್ಲು ಒಡೆದು ದುಡಿದು ಕಟ್ಟಿದ ಮಣ್ಣಿನ ಮಾಳಿಗೆಯ ಮನೆ ಈಗ ಇಬ್ಬರು ಮುದುಕಿಯರ ಹೆಸರಿನಲ್ಲಿತ್ತು. ಅದು ಬಿಟ್ಟರೆ ಆಸ್ತಿ ಅಂತ ಒಂದು ಕಡ್ಡಿಯೂ ಇರಲಿಲ್ಲ. ಎಂಬತ್ತೆರಡನೇ ಇಸವಿಯ ಮಳೆಗೆ ಮಾಳಿಗೆ ಸೋರತೊಡಗಿತು. ಕನಕಮ್ಮ ಬೋಗುಣಿ ಸರಿಸಿ ಸರಿಸಿ ಸೋತಳು.

ಮರುಬೇಸಿಗೆಯ ಒಂದು ನಡುಮಧ್ಯಾಹ್ನ ಬೂದೆಪ್ಪ ಅನ್ನುವವನೊಬ್ಬ ಬಂದ. ನಮ್ಮ ಕಡೆಯ ಬಿಸಿಲಿನಲ್ಲಿ ಆ ಹೊತ್ತಿಗೆ ನಾಯಿ ಕೂಡ ಗಟಾರ ಬಿಟ್ಟು ಏಳುವುದಿಲ್ಲ; ದೆವ್ವ ತಿರುಗುವ ಹೊತ್ತು ಎಂದು ಜನ ಕದ ಮುಂದೆ ಮಾಡಿಕೊಂಡಿರುತ್ತಾರೆ. ಇವನ ಬಿಳಿ ಅಂಗಿಯಲ್ಲಿ ಒಂದು ಹನಿ ಬೆವರಿಲ್ಲ. ಇನ್ನೂ ಒಳಗೆ ಕಾಲಿಟ್ಟಿರಲಿಲ್ಲ, ಮಾಳಿಗೆ ಎಲ್ಲಿ ಸೋರುತ್ತದೆ ಎನ್ನುವುದು ಅವನಿಗೆ ಆಗಲೇ ಗೊತ್ತಿತ್ತು.

“ದೇವರ ಮಾಡದ ಮ್ಯಾಲೆ ಸೋರತದಲ್ರೀ ಯವ್ವಾ? ಸಿಮೆಂಟಿನ ಛತ್ತು ಹಾಕಿ ಕೊಡ್ತೀವಿ. ಈಗ ಪೈಸಾ ಬ್ಯಾಡ. ತಿಂಗಳಾ ಕೈಲಾದಷ್ಟು ಕಟ್ರಿ.”

“ಒತ್ತಿ ಏನಿಡಬೇಕ್ರೀ?” ಎಂದಳು ಕನಕಮ್ಮ.

“ಹಳೇ ಹೊಸ್ತಿಲ ಕಿತ್ತಿ ಒಯ್ತೀವಿ, ಅಷ್ಟ. ಕಂತು ತೀರಿದ ದಿನ ಅರಿಶಿಣ ಕುಂಕುಮ ಹಚ್ಚಿ ತಂದು ಕೊಡ್ತೀವಿ. ಲಕ್ಷ್ಮಿ ಮುಂದ ಸುಳ್ಳು ಹೇಳಾಕ ಆಗ್ತದೇನ್ರೀ?”

ಊರು ಮೋಸ ಹೋದದ್ದೇ ಇಲ್ಲಿ. ದಿನಾ ಬೆಳಗ್ಗೆ ತೊಳೆದು ಪೂಜೆ ಮಾಡುವ ಹೊಸ್ತಿಲನ್ನೇ ಒತ್ತೆ ಇಟ್ಟ ಮೇಲೆ ಅದಕ್ಕಿಂತ ದೊಡ್ಡದು ಇನ್ನೇನಿದೆ ಎಂದು ಎಲ್ಲರೂ ತಿಳಿದರು. ಜೊತೆಗೆ ಒಂದು ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡದ್ದನ್ನು ಯಾರೂ ಲೆಕ್ಕಕ್ಕೇ ಹಿಡಿಯಲಿಲ್ಲ. ಹಿಂದಿನ ಓಣಿಯ ಹಣಮಮ್ಮನ ಮನೆಗೆ ಹಿಂದಿನ ವರ್ಷ ಹೀಗೇ ಸಿಮೆಂಟಿನ ಛಾವಣಿ ಬಂದಿತ್ತು. ದೀಪಾವಳಿ ಕಳೆಯುವುದರೊಳಗೆ ಬಾಗಿಲಿಗೆ ಬೇರೆಯವರ ಬೀಗ ಬಿತ್ತು. ಮುದುಕಿ ದೇವದುರ್ಗಕ್ಕೆ, ತಮ್ಮನ ಮನೆಗೆ ಹೋದಳೆಂದು ಜನ ಆಡಿಕೊಂಡರು.

ದುರುಗಮ್ಮ ಸಂತೆಯಲ್ಲಿ ಬದನೆಕಾಯಿಯನ್ನೂ ಮೂಸಿ ನೋಡಿ ಕೊಳ್ಳುವ ಹೆಂಗಸು. “ನಮ್ಮ ಹೊಸ್ತಿಲ ಎಲ್ಲಿಡ್ತೀರಿ?” ಎಂದು ಕೇಳಿದಳು.

“ರಾಯಚೂರಾಗ ಗಂಜ್ ಮಾರ್ಕೆಟಿನ ಹಿಂದ, ಹಳೇ ಅಕ್ಕಿ ಗಿರಣ್ಯಾಗ. ಬಂದು ನೋಡ್ರಿ. ಬಂದವರು ಯಾರೂ ಹೊಳ್ಳಿ ಹೋಗಾಕ ಒಲ್ಲಂತಾರ,” ಎಂದು ನಕ್ಕ ಬೂದೆಪ್ಪ. ಶುಕ್ರವಾರ ಗಾರೆ ಕೆಲಸದ ಗೌಂಡಿಗಳ ಜೊತೆ ಬರುವುದಾಗಿ, ಇಬ್ಬರ ಹೆಬ್ಬೆಟ್ಟೂ ಬೇಕೆಂದು ಹೇಳಿ ಹೋದ.

ಶುಕ್ರವಾರ ಮೊದಲ ಬಸ್ಸಿಗೇ ದುರುಗಮ್ಮ ರಾಯಚೂರಿಗೆ ಹೋದಳು. ಗಿರಣಿಯ ಕದ ತೆರೆದೇ ಇತ್ತು, ಕಾವಲಿಗೆ ಯಾರೂ ಇಲ್ಲ. ಒಳಗೆ ನೆಲದ ಮೇಲೆ ಎರಡು ಸಾಲಾಗಿ, ಓಣಿಯ ಹಾಗೆ, ಬರೀ ಹೊಸ್ತಿಲುಗಳು. ಎಲ್ಲಕ್ಕೂ ಆಗಷ್ಟೇ ಹಚ್ಚಿದ ಹಸಿ ಅರಿಶಿಣ. ಒಂದೊಂದು ಹೊಸ್ತಿಲ ಹಿಂದೆಯೂ ಒಬ್ಬೊಬ್ಬ ಮುದುಕಿಯೋ ಮುದುಕನೋ ತಮ್ಮ ಮನೆಯಲ್ಲಿ ಕೂತಂತೆ ಸುಮ್ಮನೆ ಕೂತಿದ್ದರು.

“ಬಾ ದುರುಗವ್ವಾ, ಒಳಗ ಬಾ,” ಎಂದು ಒಂದು ದನಿ ಕರೆಯಿತು. ಹಣಮಮ್ಮ! “ಹೊಸ್ತಿಲ ನೋಡಿ ದಾಟು. ಚಾಪಿ ಮ್ಯಾಲೆ ಕುಂದ್ರು.”

ಅಲ್ಲಿ ಚಾಪೆ ಇರಲಿಲ್ಲ. ಗೋಡೆಯೂ ಇರಲಿಲ್ಲ.

“ದೇವದುರ್ಗಕ್ಕ ಹೋಗೀದಿ ಅಂದ್ರಲ್ಲಬೇ. ನಿನ್ನ ಮನಿ ಏನಾತು?”

“ಇದ ಅಲ್ಲೇನು? ಆ ಕಾಗದದಾಗ ಮಾರೀನಿ ಅಂತ ಬರದಿತ್ತಂತ. ಹೊಸ್ತಿಲರ ನನಗ ಬಿಟ್ಟಾರ, ಪುಣ್ಯಾತ್ಮರು.” ಹಣಮಮ್ಮ ಗಿರಣಿಯ ತಗಡಿನತ್ತ ಕತ್ತೆತ್ತಿ ಹಿಗ್ಗಿನಿಂದ ನಕ್ಕಳು. “ಒಂದು ಹನಿ ಸೋರಂಗಿಲ್ಲ ನೋಡು.”

ಅವಳ ಪಕ್ಕದಲ್ಲಿ ಒಂದು ಜಾಗ ಖಾಲಿ ಇತ್ತು. ಕಸ ಗುಡಿಸಿ ರಂಗೋಲಿ ಹಾಕಿತ್ತು.

“ಇದು ಯಾರದು?”

“ನಿಮ್ಮದಬೇ. ಜಾಗ ಹಿಡದೀನಿ.”

ದುರುಗಮ್ಮ ಎದ್ದೆನೋ ಬಿದ್ದೆನೋ ಎಂದು ಓಡಿದಳು. ಮಾನ್ವಿಯಲ್ಲಿ ಬಸ್ಸಿಳಿದು ಮನೆ ಮುಟ್ಟುವಾಗ ಸೂರ್ಯ ನೆತ್ತಿಯ ಮೇಲಿದ್ದ. ಗೌಂಡಿಗಳು ಹಾರೆ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಕನಕಮ್ಮನ ಹೆಬ್ಬೆಟ್ಟಿಗೆ ಮಸಿ ಹತ್ತಿತ್ತು, ಬೂದೆಪ್ಪ ಕಾಗದ ಮುಂದೆ ಹಿಡಿದಿದ್ದ. ದುರುಗಮ್ಮ ಆ ಕೈಯನ್ನು ಕಸಿದು ತನ್ನ ಸೆರಗಿಗೆ ತಿಕ್ಕಿ ತಿಕ್ಕಿ ಒರೆಸಿದಳು.

“ಹುಚ್ಚು ಹಿಡದದೇನಕ್ಕಾ? ಮತ್ತ ಮಳ್ಯಾಗ ನೆನಿಯೂಣೇನು?”

“ಹೂಂ, ನೆನಿಯೂಣು. ನೆನಿಯಾಕರ ಒಂದು ಮನಿ ಇರಲಿ!”

ಮೂವತ್ತು ವರ್ಷದಲ್ಲಿ ಮೊದಲ ಸಲ ಕನಕಮ್ಮ ಅಕ್ಕನ ಮಾತಿಗೆ ಒಪ್ಪಿ ಹೊಸ್ತಿಲಿಗೆ ಅಡ್ಡ ನಿಂತಳು.

ಬೂದೆಪ್ಪ ಸಿಟ್ಟಾಗಲಿಲ್ಲ. ಕಾಗದ ಮಡಚಿ, ಗೌಂಡಿಗಳಿಗೆ ಸನ್ನೆ ಮಾಡಿ ಬಿಸಿಲಿಗೆ ಇಳಿದ. ಅವನ ಕಾಲಡಿ ನೆರಳು ಕಾಣಲಿಲ್ಲ. ಇಂಥ ಹೊತ್ತಿನಲ್ಲಿ ಯಾರ ನೆರಳು ತಾನೇ ಕಾಣುತ್ತದೆ ಎಂದು ದುರುಗಮ್ಮ ತನಗೆ ತಾನೇ ಹೇಳಿಕೊಂಡು ಕದ ಹಾಕಿದಳು. ಮನೆ ಉಳಿಯಿತು. ಇಬ್ಬರೂ ತಣ್ಣಗೆ ನೆಲಕ್ಕೆ ಕೂತರು.

ಅಷ್ಟರಲ್ಲಿ ಪಕ್ಕದ ಮನೆಯ ಕದ ತಟ್ಟಿದ ಸದ್ದು. ಒಳಗಿಂದ ಮುದುಕ ಹುಸೇನಪ್ಪನ ದನಿ ಹಿಗ್ಗಿನಿಂದ ಕೇಳಿಸಿತು: “ಬರ್ರಿ, ಬರ್ರಿ! ನಮ್ಮ ಮಾಳಗೀನೂ ಸೋರಾಕತ್ತದ.”

ದುರುಗಮ್ಮ ಚಪ್ಪಲಿ ಮರೆತು, ಕಾದ ಹಾಸುಗಲ್ಲಿನ ಮೇಲೆ ಓಡಿದಳು. “ಹುಸೇನಣ್ಣಾ, ಬೆರಳ ಕೊಡಬ್ಯಾಡ!” ಎಂದು ಕೂಗುತ್ತಿದ್ದಂತೆಯೇ ಹೊಸ್ತಿಲಿಗೆ ಬಿದ್ದ ಹಾರೆಯ ಮೊದಲ ಏಟು ಕೇಳಿಸಿತು.