ಕೈಗೆ ಬಾರದ ಸಣ್ಣ ರೊಟ್ಟಿ

ರಜಾಕಾರರ ಗದ್ದಲ ಮುಗಿದು ನಾಲ್ಕು ವರ್ಷವಾಗಿತ್ತು. ಲಿಂಗಸುಗೂರಿನಲ್ಲಿ ಆ ವರ್ಷ ಜೋಳಕ್ಕೇ ಬರ ಬಂತು. ಪೇಟೆಗೆ ಮೂಟೆ ಬಂದ ದಿನ ಹಬ್ಬ, ಬಾರದ ದಿನ ಉಪವಾಸ. ಕರಿಬಸಯ್ಯನ ಖಾನಾವಳಿಯಲ್ಲಿ ಮಾತ್ರ ಹೊಟ್ಟೆ ತುಂಬ ಊಟ ಇನ್ನೂ ನಡೆದಿತ್ತು.

ಒಂದು ಬೆಳಿಗ್ಗೆ ಅವನು ಒಲೆಯ ಮುಂದಿದ್ದ ಹೆಂಡತಿ ವೀರಭದ್ರಮ್ಮನ ಪಕ್ಕ ಕುಕ್ಕರುಗಾಲಲ್ಲಿ ಕುಳಿತು ಮೆಲ್ಲಗೆ ಹೇಳಿದ: "ರೊಟ್ಟಿ ಒಂದ್ ಬೆರಳು ಸಣ್ಣ ಮಾಡು. ಯಾರಿಗೂ ಗೊತ್ತಾಗಂಗಿಲ್ಲ."

ಅವಳು ಹಿಟ್ಟು ಕಡಿಮೆ ತೆಗೆದುಕೊಂಡು ಬಡಿದಳು. ರೊಟ್ಟಿ ತಿರುಗುತ್ತ ತಿರುಗುತ್ತ ಮೊದಲಿನ ಅಗಲಕ್ಕೇ ಬಂತು. ತೀರ ತೆಳ್ಳಗಾಗಿ ಹಂಚಿನ ಮೇಲೆ ಹರಿದುಹೋಯಿತು. ಎರಡನೆಯದೂ ಹಾಗೆಯೇ.

"ಇಪ್ಪತ್ತು ವರ್ಷ ಬಡದ ಕೈ ರೀ ಇದು, ನಾ ಹೇಳಿದ್ರ ಕೇಳವಲ್ದು. ನೀವ ಬಡೀರಿ."

ಕರಿಬಸಯ್ಯ ಬಡಿದ. ರೊಟ್ಟಿ ಸಣ್ಣದೇನೋ ಆಯಿತು, ಆದರೆ ಮೂರು ಮೂಲೆಯಾಯಿತು. ವೀರಭದ್ರಮ್ಮ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, "ಬ್ಯಾಡ ರೀ. ಕದ್ದು ಮಾಡೋದಕಿಂತ ಹೇಳಿ ಮಾಡೂಣು" ಎಂದಳು.

"ಹೇಳಿದ್ರ ಗಿರಾಕಿ ಓಡಿ ಹೋಗ್ತಾರ."

"ಹೋಗ್ಲಿ."

ಮಧ್ಯಾಹ್ನ ಊಟಕ್ಕೆ ಕುಳಿತವರ ಮುಂದೆ ಅವಳೇ ಬಂದು ನಿಂತಳು. "ಜ್ವಾಳ ತೀರಾಕತ್ತೈತ್ರಿ. ಇವತ್ತಿನಿಂದ ತಲಿಗೆ ಎರಡ ರೊಟ್ಟಿ. ಹೊಟ್ಟಿ ತುಂಬದವ್ರು ಕೇಳ್ರಿ, ಬುಟ್ಟ್ಯಾಗ ಇದ್ರ ಕೊಡ್ತೀನಿ."

ಇಬ್ಬರು ಮರುದಿನ ಬರಲಿಲ್ಲ, ಮತ್ತೆಂದೂ ಬರಲಿಲ್ಲ. ಉಳಿದವರದು ಬೇರೆಯೇ ತಮಾಷೆ. ಶಾಲೆಯ ಹಂಪಣ್ಣ ಮಾಸ್ತರರು ಒಂದೇ ರೊಟ್ಟಿ ತಿಂದು, "ಇವತ್ತ ವ್ರತ" ಎಂದು ಎದ್ದರು. ಹತ್ತಿಯ ಅಂಡಿಗೆ ಹೊರುವ ಹಮಾಲ ಸೂಗಪ್ಪ ಅವರನ್ನು ನೋಡಿ, "ನನಗೂ ಸಾಕ್ರಿ" ಎಂದ. ದಿನವೂ ಇದೇ ಆಯಿತು. ಬುಟ್ಟಿಯಲ್ಲಿ ರೊಟ್ಟಿ ಉಳಿಯತೊಡಗಿತು. ಕರಿಬಸಯ್ಯನಿಗೆ ಒಳಗೊಳಗೇ ಖುಷಿ.

ನಾಲ್ಕನೆಯ ದಿನ ಸೂಗಪ್ಪ ತಂಬಿಗೆಗಟ್ಟಲೆ ನೀರು ಕುಡಿದು ಎದ್ದವನು ತಲೆ ತಿರುಗಿ ಗೋಡೆ ಹಿಡಿದ. ವೀರಭದ್ರಮ್ಮನಿಗೆ ಸಿಟ್ಟು ನೆತ್ತಿಗೇರಿತು.

"ಕುಂದ್ರಲೇ ತಮ್ಮಾ! ಇಷ್ಟು ಹಸದು ಸಾಕು ಅಂತೀಯೇನು?"

"ಮಾಸ್ತರು ಒಂದ ತಿಂದು ಏಳ್ತಾರವ್ವ. ನಾ ಹೆಂಗ ಮೂರು ಕೇಳ್ಲಿ?"

ಮಾಸ್ತರರ ಮುಖ ಕೆಂಪಾಯಿತು. "ನಾ ಬಿಟ್ಟಿದ್ದು ನೀ ತಿನ್ಲಿ ಅಂತ ಲೇ, ಮಾರಾಯ!"

ಅಂದಿನಿಂದ ಯಾರು ಎಷ್ಟು ಉಣ್ಣಬೇಕೆಂದು ವೀರಭದ್ರಮ್ಮನೇ ನಿರ್ಧರಿಸಿದಳು. ಭಾರ ಹೊರುವವರಿಗೆ ಮೂರು, ಕುಳಿತು ಬರೆಯುವವರಿಗೆ ಒಂದೂವರೆ, ತನಗೂ ಗಂಡನಿಗೂ ಒಂದೊಂದು.

"ನನಗ್ಯಾಕ ಒಂದ?" ಎಂದ ಕರಿಬಸಯ್ಯ.

"ಬುಟ್ಟ್ಯಾಗ ರೊಟ್ಟಿ ಉಳದದ್ದು ನೋಡಿ ಖುಷಿ ಪಟ್ಟೀರಲ್ಲ, ಅದ್ರಾಗ ಹೊಟ್ಟಿ ತುಂಬಿರಬೇಕು."

ಭಾನುವಾರ ತಮ್ಮೂರು ಮಸ್ಕಿಯಿಂದ ಬರುವಾಗ ಮಾಸ್ತರರು ಟವಲಿನಲ್ಲಿ ಪುಂಡಿಪಲ್ಯ ಕಟ್ಟಿ ತಂದರು. ಹೇಗೋ ಚಳಿಗಾಲ ಕಳೆಯಿತು. ಶಿವರಾತ್ರಿಯ ಹೊತ್ತಿಗೆ ಹೊಸ ಜೋಳ ಬಂತು. ಆ ದಿನ ಸೂಗಪ್ಪ ಏಳು ರೊಟ್ಟಿ ತಿಂದು, ಜಗಲಿಯ ಮೇಲೆ ಉರುಳಿ ಗೊರಕೆ ಹೊಡೆದ. ಹತ್ತಿ ಅಂಗಡಿಯವರು ಹುಡುಕಿಕೊಂಡು ಬಂದಾಗ ಕರಿಬಸಯ್ಯ ಬಾಗಿಲಲ್ಲೇ ತಡೆದ.

"ಮಲಗ್ಲಿ ಬಿಡ್ರಿ. ನಿಮ್ಮ ಅಂಡಿಗಿ ಎಲ್ಲಿಗೂ ಓಡಿ ಹೋಗಂಗಿಲ್ಲ."