ಹಳದಿ ದಾರದ ಚಟ್ನಿ

ಸಾಂಗಲಿ ಪೇಟೆಗೆ ಹೊಸ ಅರಿಶಿಣ ಬರುವ ಕಾಲ, ಬಿಸಿಲು ಇಳಿಯುವ ಹೊತ್ತು. ಮಿರಜ ಸ್ಟೇಷನ್ ಹಿಂದಿನ ಓಣಿಯಲ್ಲಿ ನಾಗವ್ವ ಚಟ್ನಿಗೆ ಶೇಂಗಾ ಹುರಿಯುತ್ತಿದ್ದಳು. ಅಥಣಿ ಕಡೆಯ ಜಟ್ಟೆಪ್ಪ ಬಂದು ನಿಂತ. ಹೆಂಡತಿಯನ್ನು ದವಾಖಾನೆಗೆ ಕರೆತಂದಾಗಲೆಲ್ಲ ನಾಗವ್ವನ ಚಟ್ನಿ ಒಯ್ಯುವ ಹಳೆಯ ಗಿರಾಕಿ.

"ನಾಗಕ್ಕಾ, ನಿಮ್ಮ ಕೈಗೆ ಏನಾತ್ರಿ?" ಎಂದು ಒಂದು ಪೊಟ್ಟಣ ಮುಂದಿಟ್ಟ. "ಪೇಟ್ಯಾಗ ತಗೊಂಡೆ. ಕಮಟ ನಾರತೈತಿ. ನಾಯಿ ಸುದ್ದಾ ಮೂಸಲಿಲ್ಲ."

ಕಟ್ಟಿದ್ದು ಅರಿಶಿಣದ ದಾರ. ಮೇಲೆ ಅವಳ ಚಟ್ನಿಯದೇ ಹೆಸರು, 'ಹಳದಿ ದಾರದ ಚಟ್ನಿ'. ಒಳಗಿನ ಚಟ್ನಿ ಮಾತ್ರ ನಾಗವ್ವನದಲ್ಲ.

ದಾರ ಅವಳದೇ. ಸಂಕ್ರಾಂತಿಗೆ ಎಳ್ಳು ಬೀರಲು ಬಂದ, ಪೇಟೆಯಲ್ಲಿ ಚಟ್ನಿ ಅಂಗಡಿ ಇಟ್ಟ ಸುನಂದಾಬಾಯಿ ಒಂದು ಲಡಿ ದಾರ ಕೇಳಿದ್ದಳು. ಅರಿಶಿಣ ಕೇಳಿದ ಹೆಣ್ಣುಮಗಳಿಗೆ ಇಲ್ಲವೆನ್ನುವ ರೂಢಿ ಆ ಮನೆಯಲ್ಲಿರಲಿಲ್ಲ. ನಾಗವ್ವ ಎರಡು ಲಡಿ ಕೊಟ್ಟು, ಬಣ್ಣ ಅದ್ದುವ ಹದವನ್ನೂ ಹೇಳಿಕೊಟ್ಟಿದ್ದಳು.

ಜಟ್ಟೆಪ್ಪ ಹೋದ ಮೇಲೆ ತೀರಿಹೋದ ಅತ್ತೆ ನೀಲಗಂಗವ್ವ ನಾಗವ್ವನ ಕಣ್ಣಮುಂದೆ ಬಂದಳು. ಹೊಗೆಬಂಡಿಯ ಕಾಲದಲ್ಲಿ ಸ್ಟೇಷನ್ನಿನ ಬೇವಿನ ಗಿಡದ ಕೆಳಗೆ ಬುಟ್ಟಿ ಇಟ್ಟು ಕೂಡುತ್ತಿದ್ದಳು. ರೋಗಿಗಳ ಜೊತೆ ಬಂದ ಹಳ್ಳಿಯವರಿಗೆ ಓದು ಬರುತ್ತಿರಲಿಲ್ಲ. ಹಳದಿ ದಾರ ಕಂಡರೆ ಸಾಕು, "ಆ ಅವ್ವನ ಚಟ್ನಿ" ಎಂದು ಕೈ ಚಾಚುತ್ತಿದ್ದರು. ದಾರ ಒಣಹಾಕಿದ ದಿನ ಅಂಗಳವೆಲ್ಲ ಹಳದಿ.

ಸಂಜೆ ತಂಗಿಯ ಮಗಳು ಅನುಜಾ ಬಂದಳು. ಸಾಂಗಲಿಯ ಮಹಿಳಾ ಸಂಘಗಳಿಗೆ ವ್ಯಾಪಾರದ ತಿಳಿವಳಿಕೆ ಕೊಡುವುದು ಅವಳ ಕೆಲಸ. ಪೊಟ್ಟಣ ನೋಡಿ, ನಡೆದದ್ದನ್ನೆಲ್ಲ ಕೇಳಿದಳು.

"ಮಾವಶಿ, ಗುರುತು ನೋಂದಣಿ ಮಾಡಸ್ರಿ ಅಂತ ಹ್ವಾದ ವರ್ಷನ ಹೇಳಿದ್ದೆ."

"ಚಟ್ನಿಗೆ ಸರಕಾರದ ಸಿಕ್ಕಾ ಯಾಕವಾ? ರುಚಿ ನಾಲಿಗಿಗೆ ಗೊತ್ತಿರತೈತಿ."

"ಜಟ್ಟೆಪ್ಪ ಕಾಕಾ ದಾರ ನೋಡಿ ತಗೊಂಡ್ರು, ರುಚಿ ನೋಡಿ ಅಲ್ಲ. ಆ ಗುರುತಿಗೇ ಟ್ರೇಡ್‌ಮಾರ್ಕ್ ಅಂತಾರ. ನಿಮ್ಮ ಅತ್ತಿ ಹೆಸರು, ಹಳದಿ ದಾರದ ಗಂಟಿನ ಚಿತ್ರ, ಎರಡೂ ಕೂಡಿಸಿ ಅರ್ಜಿ ಹಾಕೋಣು. ಮೊದಲಿಂದ ನೀವ ಮಾರಾಕತ್ತೀರಿ ಅನ್ನೂದಕ್ಕ ಹಳೇ ಪಾಕೀಟು, ಬಿಲ್ಲು, ಫೋಟೋ ತಗೀರಿ."

"ಅರ್ಜಿ ಹಾಕಿದ ಮರುದಿನನ ಸುನಂದಾನ್ನ ತಡೀತಾರೇನು?"

"ಇಲ್ರಿ. ತಪಾಸಣಿ ಆಗತೈತಿ, ಯಾರರೆ ತಕರಾರು ತಗೀಬಹುದು, ವ್ಯಾಳ್ಯಾ ಹಿಡೀತೈತಿ. ಖರೆ, ನೋಂದಣಿ ಆತಂದ್ರ ತಡಿಯೂ ಹಕ್ಕು ಗಟ್ಟಿ ಆಗತೈತಿ. ಮತ್ತ ಚಟ್ನಿ ಹದ ಯಾರಿಗೂ ಹೇಳಬ್ಯಾಡ್ರಿ. ಅದನ್ನ ಟ್ರೇಡ್‌ಮಾರ್ಕ್ ಕಾಯೂದಿಲ್ಲ. ನಿಮ್ಮ ಬಾಯಿನ ಕಾಯಬೇಕು."

"ಈ ಬಾಯಿ ಕಾಯೂದು ನಮ್ಮ ಮನಿಯವರ ಕಡೆಯಿಂದನೂ ಆಗಿಲ್ಲ!" ಎಂದು ನಾಗವ್ವ ನಕ್ಕಳು. ಎದ್ದು ಟ್ರಂಕು ತೆಗೆದಳು. ಬುಟ್ಟಿಯ ಹಿಂದೆ ಕುಳಿತ ಅತ್ತೆಯ ಮಸುಕು ಫೋಟೋ ಸೆರಗಿನಿಂದ ಒರೆಸಿದಳು. ಅವಳ ನಗು ನಿಂತಿತ್ತು.

"ಈಕಿ ಗುರುತಿನ್ಯಾಗ ಕಮಟ ಚಟ್ನಿ ಮಾರಾಕ ನಾ ಬಿಡಂಗಿಲ್ಲ. ನಡಿ, ಅರ್ಜಿ ಹಾಕೂನು."

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಕೈಕೆಲಸಕ್ಕೂ ಜನ ನಂಬಿದ ಒಂದು ಹೆಸರಿದ್ದೀತು. ಬೇರೆಯವರು ಅದನ್ನು ಕಟ್ಟಿಕೊಂಡು ಮಾರುವ ಮೊದಲೇ ನೋಂದಾಯಿಸಿ. ಸಣ್ಣ ಉದ್ಯಮಕ್ಕೆ ಶುಲ್ಕ ಕಡಿಮೆ. ಜಿಲ್ಲಾ ಉದ್ಯೋಗ ಕೇಂದ್ರದಲ್ಲಿ ವಿಚಾರಿಸಿ. ಯಾರಾದರೂ ನಿಮ್ಮ ಗುರುತನ್ನೇ ಕೇಳಿಕೊಂಡು ಬಂದರೆ ನಾಗವ್ವ ಮುಂದೆ ಮಾಡಿದಂತೆ ಮಾಡಿ.

ಅರ್ಜಿ ಹಾಕಿದ ವಾರವೇ ಸುನಂದಾಬಾಯಿ ಬಂದಳು. "ದಾರ ತೀರೇತಿ ನಾಗವ್ವಾ, ಇನ್ನೊಂದು ಲಡಿ ಕೊಡ."

ನಾಗವ್ವ ಚಹಾ ಕೊಟ್ಟಳು. ಕೆನ್ನೆಗೆ ಅರಿಶಿಣ ಹಚ್ಚಿ, ಹಣೆಗೆ ಕುಂಕುಮ ಇಟ್ಟಳು.

"ಅರಿಶಿಣಕ್ಕ ಇಲ್ಲ ಅನ್ನಂಗಿಲ್ಲ, ಸುನಂದಾ. ದಾರ ನಮ್ಮ ಅತ್ತಿದು."

ಸುನಂದಾಬಾಯಿ ಬರಿಗೈಯಲ್ಲಿ ಹೊರಟುಹೋದಳು. ಅಂದು ಶುಕ್ರವಾರ, ಹೆಣ್ಣುಮಗಳನ್ನು ಬರಿಗೈಯಲ್ಲಿ ಕಳಿಸಬಾರದ ದಿನ.