ಮದುವೆ ಮುಗಿಯುವ ತನಕ ಮಾತ್ರೆ

ಐವತ್ತೆಂಟನೇ ಇಸವಿಯ ಮಾತು. ಗಿರಿಜಾದೇವಿಯ ಕಣ್ಣೊಳಗೆ ಒತ್ತಡ ಏರಿದೆ, ಬೇಗ ಆಪರೇಷನ್ ಮಾಡಿಸದಿದ್ದರೆ ಇರುವ ದೃಷ್ಟಿಯೂ ಹೋಗುತ್ತದೆ, ಹೋದದ್ದು ಮರಳಿ ಬರುವುದಿಲ್ಲ ಎಂದು ಡಾಕ್ಟರು ಬಿಡಿಸಿ ಹೇಳಿದ್ದರು. ಗಂಡ ಗಂಗಾಧರಯ್ಯ ಆ ವಾರವೇ ಮಗಳು ಕಾತ್ಯಾಯಿನಿಗೆ ಮಲ್ಲೇಶ್ವರದ ಸಂಬಂಧ ಗೊತ್ತುಮಾಡಿಕೊಂಡು ಬಂದಿದ್ದರು. ತಾಯಿ ಕುರುಡಾಗುತ್ತಿದ್ದಾಳೆಂದು ತಿಳಿದರೆ, ನಾಳೆ ಮಗಳಿಗೂ ಬಂದೀತೆಂದು ಬೀಗರು ಹಿಂದೆ ಸರಿಯುತ್ತಾರೆ ಎಂಬುದು ಅವರ ಭಯ. ಅವರಿದ್ದ ತ್ಯಾಗರಾಜನಗರದಲ್ಲಿ ಒಬ್ಬರ ಮನೆಯ ಒಗ್ಗರಣೆಗೆ ಪಕ್ಕದ ಮನೆಯವರು ಸೀನುತ್ತಾರೆ. ಆಸ್ಪತ್ರೆ ಸೇರಿದರೆ ಗುಟ್ಟು ಉಳಿಯುತ್ತದೆಯೇ?

ಅದಕ್ಕೇ ಮಾತ್ರೆ ತಂದರು. ಯಾವುದೋ ಹೂಮೊಗ್ಗಿನ ಹಳದಿ ಸತ್ವವಂತೆ, ಹೆಸರು ರುಟಿನ್, ಕಣ್ಣಿನ ಸಣ್ಣ ರಕ್ತನಾಳಗಳು ಗಟ್ಟಿಯಾಗುತ್ತವಂತೆ. ಒತ್ತಡ ಇಳಿಯುತ್ತದೆಂದು ಯಾರೂ ಹೇಳಿರಲಿಲ್ಲ, ಗಂಗಾಧರಯ್ಯ ಕೇಳಿಯೂ ಇರಲಿಲ್ಲ.

"ಗಿಡದ್ದು ಕಣೇ, ಒಳ್ಳೇದೇ. ಮದ್ವೆ ಒಂದು ಮುಗೀಲಿ."

ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅನ್ನುತ್ತಾರಲ್ಲ, ಹೇಳುವವರು ಗಂಡಸರು, ನುಂಗುವವರು ಹೆಂಗಸರು. ಗಿರಿಜಾದೇವಿ ನುಂಗಿದಳು. ಮಗಳ ಬಾಳಿಗಿಂತ ತನ್ನ ಕಣ್ಣು ದೊಡ್ಡದೇನು ಎಂದುಕೊಂಡಳು. ಬೀಗರು ಬಂದಾಗಲೆಲ್ಲ ಅಡುಗೆಯ ನೆಪ ಹೇಳಿ ಒಲೆಯ ಮುಂದೆಯೇ ಕೂತಳು. ಆಷಾಢ ಅಡ್ಡ ಬಂತು, ಆಮೇಲೆ ಪಿತೃಪಕ್ಷ, ಆಮೇಲೆ ಧನುರ್ಮಾಸ. ಪಕ್ಕದ ನೋಟ ಮೊದಲು ಹೋಯಿತು, ಆಮೇಲೆ ಎದುರಿನದೂ ಕತ್ತಲಾಯಿತು.

ಮಾಘದಲ್ಲಿ ಮದುವೆ. ಧಾರೆಯಲ್ಲಿ ತಾಯಿ ಗಿಂಡಿಯಿಂದ ನೀರೆರೆಯಬೇಕು. ಅವಳು ಎರೆದ ನೀರು ಪುರೋಹಿತರ ಪಂಚೆಯ ಮೇಲೆ ಬಿತ್ತು. ಗಂಡಿನ ತಾಯಿ ಕಮಲಾದೇವಿ ಸದ್ದಿಲ್ಲದೆ ಬಂದು ಅವಳ ಮಣಿಕಟ್ಟು ಹಿಡಿದು ಧಾರೆ ಎರೆಸಿದರು.

ಊಟವಾದ ಮೇಲೆ ಪಕ್ಕದಲ್ಲಿ ಕೂತು, ಯಾವಾಗಿನಿಂದ ಹೀಗೆ ಎಂದು ಮೆಲ್ಲಗೆ ಕೇಳಿದರು. ಮಾತ್ರೆಯ ಕಥೆಯನ್ನೆಲ್ಲ ಗಿರಿಜಾದೇವಿ ಹೇಳಿಬಿಟ್ಟಳು. ಕಮಲಾದೇವಿ ಸೆರಗಿನಿಂದ ಮೂಗು ಒರೆಸಿಕೊಂಡ ಸದ್ದು ಕೇಳಿಸಿತು.

"ಒಂದು ಮಾತು ಹೇಳ್ಬಾರ್ದಿತ್ತಾ? ನಮ್ಮತ್ತೆಗೂ ಇದೇ ಇತ್ತು, ಆಪರೇಷನ್ ಮಾಡ್ಸಿದ್ವಿ. ಇವತ್ತೂ ಮನೇಲಿ ಅಕ್ಕಿ ಆರ್ಸೋದು ಅವ್ರೇ."

ಗಿರಿಜಾದೇವಿ ಯಾರಿಂದ ಮುಚ್ಚಿಟ್ಟು ಕಣ್ಣು ಕಳೆದುಕೊಂಡಳೋ, ಅವರೇ ದಾರಿ ಬಲ್ಲವರಾಗಿದ್ದರು.

ಬೀಗಿತ್ತಿ ಎದ್ದು ಹೋದದ್ದೇ ಗಂಗಾಧರಯ್ಯ ಓಡಿಬಂದು ಅವಳ ಕಿವಿಯಲ್ಲಿ, "ಅವ್ರಿಗೇನೂ ಹೇಳ್ಲಿಲ್ಲ ತಾನೇ?" ಎಂದರು.

"ಎಲ್ಲಾ ಹೇಳ್ದೆ. ಅವ್ರ ಅತ್ತೆಗೂ ಇದೇ ಇತ್ತಂತೆ, ಆಪರೇಷನ್ ಆಗಿ ಚೆನ್ನಾಗಿದಾರಂತೆ. ಪಾಪ, ನನಗೋಸ್ಕರ ಅತ್ರು."

ಬೀಗಿತ್ತಿ ಕೂತಿದ್ದ ಜಾಗದಲ್ಲೇ ಗಂಗಾಧರಯ್ಯ ಕೂತರು.

"ನೀವೂ ಅಳೋದಾದ್ರೆ ಜೋರಾಗಿ ಅಳಿ," ಎಂದಳು. "ನಂಗೆ ಕಾಣ್ಸಲ್ಲ."